ವಿಲ್ಬರ್ಟನ ಹೂಂ

ನನ್ನ ತಂಗಿ ಐಲಿಯ ಗಂಡ ವಿಲ್ಬರ್ಟ್ ನಿಸ್ಕಾ ಮಾತು ಕಡಿಮೆಯ ಮನುಷ್ಯ. ಸುಪೀರಿಯರ್ ಸರೋವರದ ಈ ದಂಡೆಗೆ ವಲಸೆ ಬಂದು ನೆಲೆಸಿದ ನಮ್ಮ ಫಿನ್ನಿಶ್ ಜನರಿಗೆ ಅದು ಕುಂದಲ್ಲ, ಹೆಚ್ಚುಗಾರಿಕೆ. ಬಾಯಿಬಡುಕರನ್ನು ಇಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ, ನನ್ನನ್ನು ಹೇಗೋ ಸಹಿಸಿಕೊಂಡಿದ್ದಾರೆ. ಎದುರಿನವರು ಹೇಳಿದ್ದಕ್ಕೆಲ್ಲ ತಲೆದೂಗಿ ಕೊನೆಗೊಮ್ಮೆ ಹೂಂ ಎನ್ನುವವನೇ ನಮ್ಮಲ್ಲಿ ದೊಡ್ಡ ಮನುಷ್ಯ. ಆ ಹೂಂನ ಬಲದಿಂದಲೇ ವಿಲ್ಬರ್ಟ್ ಚರ್ಚಿನ ಮಂಡಳಿಗೆ ಅಧ್ಯಕ್ಷನೂ ಆದ. ಅವನ ಕಿವಿ ಕೆಟ್ಟಿದೆಯೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅವನು ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ಇನ್ನೂ ಪ್ರಾಯದಲ್ಲಿದ್ದಾಗಲೇ ಅಲ್ಲಿನ ನರ್ಸಮ್ಮ ಎಚ್ಚರಿಸಿದ್ದಳಂತೆ: “ಅರ್ಧ ಹೋಗಿದೆ. ಇವತ್ತಿಂದ ಕಿವಿ ಮುಚ್ಕೊಂಡು ಕೆಲ್ಸ ಮಾಡಿ, ಉಳಿದದ್ದು ಉಳಿಯತ್ತೆ. ವಯಸ್ಸಾದ್ಮೇಲೆ ಅದೇ ಬೇಕಾಗೋದು.” ಅವಳು ಕೊಟ್ಟ ಕಿವಿಮುಚ್ಚಳವನ್ನು ಈ ಮಹರಾಯ ಮೊಳೆಗೆ ನೇತುಹಾಕಿ, ನಿವೃತ್ತನಾದ ದಿನ ಹೊಚ್ಚ ಹೊಸದಾಗಿಯೇ ಹಿಂದಿರುಗಿಸಿದ. ಗರಗಸದ ಸದ್ದಿಗೆ ಹೆದರಿದ ಎನ್ನಿಸಿಕೊಳ್ಳಲು ನಾಚಿಕೆ! ಬೆಳಕಿದ್ದಲ್ಲಿ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಕತ್ತಲಾದರೆ ಹೂಂ.

ಕತ್ತಲಿದ್ದದ್ದು ಸೌನಾದಲ್ಲಿ. ನೀರಂಚಿಗೆ ಅವನೇ ಕಟ್ಟಿದ ಮರದ ಕೋಣೆ ಅದು. ಶನಿವಾರ ಸಂಜೆ ಗಂಡ ಹೆಂಡತಿ ಒಲೆ ಹೊತ್ತಿಸಿ, ಕಾದ ಕಲ್ಲುಗಳಿಗೆ ನೀರೆರಚಿ, ಹಬೆಯಲ್ಲಿ ಕೂರುತ್ತಿದ್ದರು. ವಾರವೆಲ್ಲ ಬಾಯಿ ಬಿಡದ ಐಲಿ ಅಲ್ಲಿ ಮನಸ್ಸು ಬಿಚ್ಚುತ್ತಿದ್ದಳು. ಹೋದ ಚಳಿಗಾಲ ಅಲ್ಲೇ ಅವನನ್ನು ಕೇಳಿದ್ದಾಳೆ, ಕೈಕಾಲು ಗಟ್ಟಿಯಿರುವಾಗಲೇ ಈ ಮನೆ ಮಾರಿ ಪಟ್ಟಣದ ಫ್ಲ್ಯಾಟಿಗೆ ಹೋಗೋಣವೇ ಎಂದು. ಆಸ್ಪತ್ರೆ ಹತ್ತಿರ, ಹಿಮ ಎತ್ತುವ ಕಾಟವಿಲ್ಲ. ಅವನು ಹೂಂ ಎಂದ.

ಮನೆ ಖಾಲಿ ಮಾಡುವ ದಿನ ಅವನೊಬ್ಬನೇ ಸೌನಾದ ಗೋಡೆ ಸವರುತ್ತ ನಿಂತಿದ್ದ. ನನ್ನ ಕೈಯಲ್ಲಿದ್ದ ಬಕೆಟ್ ಜಾರಿ ಅವನ ಬೆನ್ನ ಹಿಂದೆಯೇ ಧಡಾರೆಂದು ಬಿತ್ತು. ಅವನು ತಿರುಗಲೇ ಇಲ್ಲ. ನಾನು ತೆರೆದ ಬಾಗಿಲ ಬೆಳಕಿನಲ್ಲಿ ಅವನೆದುರಿಗೆ ಹೋಗಿ ನಿಂತೆ.

“ವಿಲ್ಬರ್ಟ್, ನಿಂಗೆ ಕಿವಿ ಕೇಳ್ಸಲ್ವೇನೋ?”

“ಇಲ್ಲ ಕಣೆ, ಎಲ್ಮಾ. ಮನೆ ಮಾರ್ತಿದ್ದಾಳೆ ಅಂತ ನಂಗೆ ಗೊತ್ತಾಗಿದ್ದೇ ತಗೊಳ್ಳೋರು ಬಂದು ಕೈ ಕುಲುಕಿದಾಗ.”

“ಅಯ್ಯೋ ಪುಣ್ಯಾತ್ಮ! ಇನ್ನೂ ಬೀಗದ ಕೈ ಕೊಟ್ಟಿಲ್ಲ. ನೀನು ಹೇಳ್ತೀಯೋ, ನಾನೇ ಹೇಳ್ಲೋ?”

ಅವನು ನನ್ನ ತೋಳು ಹಿಡಿದುಕೊಂಡ.

“ನಮ್ಮ ಮಗು ಹೋಯ್ತಲ್ಲ, ಅದನ್ನೆಲ್ಲ ಅವ್ಳು ಇಲ್ಲೇ ಹೇಳ್ಕೊಂಡಿದ್ದು, ವರ್ಷಗಟ್ಲೆ. ಪಕ್ಕದಲ್ಲಿ ಭುಜ ಅಲುಗ್ತಿತ್ತು, ಅಳ್ತಿದಾಳೆ ಅಂತ ಗೊತ್ತಾಗ್ತಿತ್ತು ಅಷ್ಟೇ. ಒಂದಕ್ಷರ ಕೇಳ್ಸಿಲ್ಲ. ಆಮೇಲೊಂದಿನ ಹಗಲು ಎದುರಿಗೆ ಕೂತು ಅವ್ಳೇ ಅಂದ್ಲು, ನೀನು ಕೂತು ಕೇಳಿದ್ದಕ್ಕೇ ನಾನು ಬದುಕ್ಕೊಂಡೆ ಅಂತ. ಈಗ ಮನೆ ವಿಷ್ಯ ಕೇಳ್ಸಿರ್ಲಿಲ್ಲ ಅಂದ್ರೆ, ಅದು ಕೇಳ್ಸಿತ್ತಾ ಅಂತ ಕೇಳಲ್ವಾ ಅವ್ಳು?”

ಕೋಪದಲ್ಲಿ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅಳುವೂ ಬಂತು. ನಾನು ಬಕೆಟ್ ಎತ್ತಿಕೊಂಡು ಹೊರಗೆ ಬಂದೆ.

ಈಗ ಅವರಿರುವುದು ಮೂರನೇ ಮಹಡಿಯಲ್ಲಿ. ಕಿಟಕಿಯಾಚೆ ಕಾಣುವುದು ಕಾರು ನಿಲ್ಲಿಸುವ ಜಾಗ. ಕಿವಿಗೆ ಯಂತ್ರವನ್ನಾದರೂ ಹಾಕಿಸಿಕೋ ಎಂದರೆ, ಅದನ್ನು ಕಂಡ ಕೂಡಲೇ ಈ ಕಿವುಡು ಯಾವಾಗಿನಿಂದ ಎಂದು ಐಲಿ ಕೇಳುತ್ತಾಳೆ ಎನ್ನುತ್ತಾನೆ. ಕೋಟು ತೊಟ್ಟು ಕಿಟಕಿಯ ಹತ್ತಿರ ಕೂರುತ್ತಾನೆ, ಹೋಗುವುದು ಎಲ್ಲಿಗೂ ಇಲ್ಲ.

ಮೊನ್ನೆ ಹೋದಾಗ ಐಲಿ ನನ್ನ ಮುಂದೆ ಕಾಫಿ, ಏಲಕ್ಕಿ ಬ್ರೆಡ್ ತಂದಿಟ್ಟಳು. “ಹೆಂಡ್ತಿ ಮಾತು ಇಷ್ಟು ಕೇಳೋ ಗಂಡಸು ಎಲ್ಲಿ ಸಿಗ್ತಾನೆ ಹೇಳಕ್ಕಾ?” ಎಂದು ನಕ್ಕಳು. ಆಮೇಲೆ ಒಲೆಯ ಫ್ಯಾನು ಹಾಕಿ, ನಮಗೆ ಬೆನ್ನು ಮಾಡಿ ನಿಂತು ಮೆಲ್ಲಗೆ ಏನೋ ಕೇಳಿದಳು. ಕಿವಿ ನೆಟ್ಟಗಿರುವ ನನಗೇ ಅದು ಕೇಳಿಸಲಿಲ್ಲ.

ವಿಲ್ಬರ್ಟ್ ಹೂಂ ಎಂದ.