ಸವಳಂಗದಿಂದ ತಂದ ಹೆಣ್ಣುಮೀನು

ಒಂದು ಮೀನಿನ ವಿಷಯಕ್ಕೆ ನಾನು ಗೆಳೆಯರೊಬ್ಬರಿಗೆ ಸುಳ್ಳು ಹೇಳಿದೆ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಈಗಲೂ ಮುಖ ಬಿಸಿಯಾಗುತ್ತದೆ.

ಆ ಜಾತಿಯ ಮೀನನ್ನು ಮೊದಲು ಕಂಡಿದ್ದು ಹೊನ್ನಾಳಿಯ ಅಂಗಡಿಯೊಂದರಲ್ಲಿ. ಬೆರಳುದ್ದದ ಮೈ, ಪಕ್ಕೆಗುಂಟ ಕಪ್ಪು ಪಟ್ಟಿ, ಬಾಲದ ಮೇಲೆ ಕಾಡಿಗೆಯ ಬೊಟ್ಟು.

"ಕ್ರಿಬ್ ಅಂತಾರೆ ಸಾರ್, ಪಶ್ಚಿಮ ಆಫ್ರಿಕಾದ ಹಳ್ಳದ ಮೀನು. ಗಂಡ ಹೆಂಡ್ತಿ ಕೂಡಿ ಮರಿ ಸಾಕ್ತಾವೆ" ಎಂದ ಅಂಗಡಿಯವನು.

ಮರಿಯನ್ನು ನುಂಗುವ ಮೀನು ಗೊತ್ತಿತ್ತು, ಸಾಕುವ ಮೀನು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಉಳಿದಿದ್ದು ಗಂಡೊಂದೇ. ಅದನ್ನೇ ಕೊಂಡು, ನೀರಿನ ಚೀಲವನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಚನ್ನಗಿರಿಗೆ ಬಂದೆ.

ಹೆಣ್ಣು ಸಿಕ್ಕಿದ್ದು ಸವಳಂಗದಲ್ಲಿ. ನೆಂಟರ ಮನೆಗೆ ಹೋಗಿದ್ದವನು ಬಸ್ಸಿಗೆ ಕಾಯುತ್ತಾ ಒಂದು ಟೈಲರ್ ಅಂಗಡಿಯೊಳಗೆ ಇಣುಕಿದರೆ, ಹೊಲಿಗೆ ಯಂತ್ರದ ಪಕ್ಕದ ಗಾಜಿನ ತೊಟ್ಟಿಯಲ್ಲಿ ಅದೇ ಜಾತಿ! ಟೈಲರ್ ನನ್ನ ಓರಗೆಯವರು. ಅವರ ಗಂಡುಮೀನು ಸತ್ತು, ಹೆಣ್ಣು ಒಂಟಿಯಾಗಿತ್ತು. ಮಾತಿಗೆ ಮಾತು ಬೆಳೆದು ಸಂಬಂಧ ಕುದುರಿತು.

"ಗಂಡು ನಿಮ್ದು, ಹೆಣ್ಣು ನಮ್ದು. ಇವತ್ತಿಂದ ನಾವು ಬೀಗರು ಕಣ್ರಿ. ಆದ್ರೆ ಒಂದು ಮಾತು. ಚೊಚ್ಚಲ ಬಾಣಂತನ ತವರ್ನಾಗೇ ಆಗ್ಬೇಕು. ಮೊಟ್ಟೆ ಇಡೋ ಹೊತ್ತಿಗೆ ಇದ್ರ ಹೊಟ್ಟೆ ಕೆಂಪಾಗ್ತದೆ. ಕೆಂಪಾದ ಕೂಡ್ಲೇ ಇಬ್ರನ್ನೂ ಕರ್ಕಂಡು ಬರ್ಬೇಕು."

ನಾನು ನಕ್ಕೆ. ಅವರು ನಗಲಿಲ್ಲ.

"ತಾಯಿ ಮರಿಗಳ್ನ ಮೊದಲ್ನೇ ಸಲ ಗೂಡಿಂದ ಹೊರಗೆ ಕರ್ಕಂಡು ಬರೋದು ನೋಡ್ಬೇಕು ಅಂತ ಎಷ್ಟು ಕಾಲದಿಂದ ಕಾದೀನಿ ಗೊತ್ತೇನ್ರಿ?"

ಆಗಲಿ ಎಂದು ಮಾತು ಕೊಟ್ಟು ಹೆಣ್ಣನ್ನು ಮನೆಗೆ ತಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣಿನ ಹೊಟ್ಟೆ ನೇರಳೆಹಣ್ಣು ಹಿಂಡಿದಂತೆ ಕೆಂಪಾಯಿತು. ಗಂಡಿನ ಎದುರು ಮೈ ಬಿಲ್ಲಿನಂತೆ ಬಾಗಿಸಿ ನಡುಗುತ್ತಿತ್ತು. ಟೈಲರಿಗೆ ತಿಳಿಸಲು ಕೈಯಲ್ಲಿ ಫೋನ್ ಹಿಡಿದೆ. ಆಮೇಲೆ ಜೇಬಿಗೆ ಹಾಕಿದೆ. ಜಾಗ ಬದಲಿಸಿದರೆ ಮೊಟ್ಟೆ ಇಡದೆ ಹೋದೀತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಬೇರೆ. ಆ ಚೊಚ್ಚಲು ನನ್ನ ಮನೆಯಲ್ಲೇ ಆಗಬೇಕೆಂಬ ಆಸೆ.

ಅಂಚಿನಲ್ಲಿ ಕಂಡಿ ಕೊರೆದು ಬೋರಲು ಹಾಕಿದ್ದ ತೆಂಗಿನ ಚಿಪ್ಪಿನೊಳಗೆ ಹೆಣ್ಣು ಮೊಟ್ಟೆ ಇಡಲು ಸೇರಿಕೊಂಡಿತು. ಗಂಡು ಹೊರಗೆ ಕಾವಲು. ಅದೇ ವಾರ ಟೈಲರ್ ಫೋನ್ ಬಂತು.

"ಬೀಗ್ರೆ, ನಮ್ಮ ಹುಡುಗಿ ಹೆಂಗವ್ಳೆ?"

"ಚೆನ್ನಾಗವ್ಳೆ. ಇನ್ನೂ ಏನೂ ಸುಳಿವಿಲ್ಲ."

ಒಂದು ಮಧ್ಯಾಹ್ನ ಚಿಪ್ಪಿನ ಕಂಡಿಯಲ್ಲಿ ತಾಯಿಯ ತಲೆ ಕಾಣಿಸಿತು. ಅದರ ಹಿಂದೆ ಹೊಗೆ ಎದ್ದಂತೆ ಏನೋ ಹೊರಟಿತು. ಹೊಗೆಯಲ್ಲ, ಮರಿಗಳು! ಎಳ್ಳಿನಷ್ಟು ಮೈಗೆ ಎರಡು ಕಣ್ಣು. ತಾಯಿ ರೆಕ್ಕೆ ಅಲುಗಿಸಿದರೆ ಅಷ್ಟೂ ಮರಿಗಳು ತಳದ ಮರಳಿಗೆ ಅಂಟಿಕೊಳ್ಳುತ್ತಿದ್ದವು, ಇನ್ನೊಮ್ಮೆ ಅಲುಗಿಸಿದರೆ ಏಳುತ್ತಿದ್ದವು. ನಾನು ಕೂಗಿದ ಕೂಗಿಗೆ ಹೆಂಡತಿ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದಳು. ಹಾಲು ಉಕ್ಕಿತು. ಆದರೂ ಅವಳು ಬಯ್ಯಲಿಲ್ಲ.

ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ಬೇಕು. ನಮ್ಮದು ಲಿಂಗ ಕಟ್ಟಿದ ಮನೆ, ಅಡುಗೆಮನೆಗೆ ಮೊಟ್ಟೆ ಬಂದದ್ದೇ ಇಲ್ಲ. "ಎಲ್ಲಾದ್ರೂ ಬೇಯಿಸ್ಕಂಡು ಬರ್ರಿ, ಹೊಸ್ತಿಲು ಮಾತ್ರ ದಾಟಿಸ್ಬ್ಯಾಡ್ರಿ" ಎಂದಳು ಹೆಂಡತಿ. ತೊಟ್ಟಿಯನ್ನು ಜಗಲಿಯಲ್ಲಿ ಇಟ್ಟಿದ್ದು ಒಳ್ಳೆಯದೇ ಆಯಿತು. ಫೋನ್ ಮನೆಯಲ್ಲೇ ಬಿಟ್ಟು ಮೊಟ್ಟೆ ಗಾಡಿಗೆ ಹೋದೆ. ಅಷ್ಟರಲ್ಲಿ ಟೈಲರ್ ಮತ್ತೆ ಫೋನ್ ಮಾಡಿದ್ದಾರೆ. ನನ್ನ ಸುಳ್ಳು ಹೆಂಡತಿಗೆ ಗೊತ್ತಿಲ್ಲವಲ್ಲ.

"ಮರಿಗಳಿಗೆ ಮೊಟ್ಟೆ ತರಾಕೆ ಹೋಗ್ಯಾರೆ. ನಿಮ್ಗೆ ಹೇಳಲಿಲ್ವಾ ಅಣ್ಣಾರೆ?" ಎಂದುಬಿಟ್ಟಿದ್ದಾಳೆ.

ಮರುದಿನ ಅವರೇ ಬಂದರು. ನನ್ನ ಮುಖ ನೋಡಲಿಲ್ಲ. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಕೊಟ್ಟ ಚಹಾ ಆರಿತು. ಮೀನಿಗೇ ಹೇಳಿದರು: "ಬಡವಾಗೀಯಲ್ಲೇ ತಾಯಿ."

ಹೊರಡುವಾಗ, "ಅವು ಹೊರಗೆ ಬಂದಿದ್ದು ನೀವು ನೋಡಿದ್ರಿ. ಇರ್ಲಿ ಬಿಡ್ರಿ" ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋಗಿ ತಪ್ಪಾಯಿತು ಎಂದೆ. ಅವರು ಬಸ್ಸಿನ ಬೋರ್ಡು ಓದುತ್ತಾ ನಿಂತರು.

ಮರಿಗಳು ಬಲಿತ ಮೇಲೆ ಜೋಡಿಯನ್ನೂ ಅರ್ಧ ಮರಿಗಳನ್ನೂ ಸವಳಂಗಕ್ಕೆ ಒಯ್ದೆ.

"ಎರಡನೇದು ಗಂಡನ ಮನೇಲಿ ಅಲ್ವೇನ್ರಿ?" ಎಂದರು ಟೈಲರ್.

"ಇದೂ ತವರ್ನಾಗೇ ಆಗ್ಲಿ."

ಆಗ ಅವರು ಸ್ವಲ್ಪ ನಕ್ಕರು.

ಹೆಣ್ಣಿನ ಹೊಟ್ಟೆ ಮತ್ತೆ ಕೆಂಪಾದ ದಿನವೇ ಆ ಮನುಷ್ಯ ನನಗೆ ಫೋನ್ ಮಾಡಿದರು. ಅದು ಚಿಪ್ಪು ಸೇರಿದ ದಿನವೂ ಮಾಡಿದರು. ಒಂದೊಂದು ಫೋನಿಗೂ ನನಗೆ ಸಂತೋಷ, ಅದರ ಬೆನ್ನಿಗೇ ನಾಚಿಕೆ. ಈಗ ತಾನೇ ಮತ್ತೆ ಫೋನ್ ಬಂತು.

"ಬೀಗ್ರೆ, ಮರಿ ಒಳಗೆ ಮಿಸುಕಾಡ್ತಾವೆ! ಇವತ್ತೋ ನಾಳೆಯೋ ಹೊರಗೆ ಬರ್ತಾವೆ. ಬೇಗ ಬರ್ರಿ!"

ಅಂಗಿ ತೊಟ್ಟಾಗಿದೆ, ಬಸ್ಸಿಗೆ ಇನ್ನೂ ಹೊತ್ತಿದೆ. ಅದಕ್ಕೇ ಇಷ್ಟು ಬರೆದೆ. ತೊಟ್ಟಿಯ ಮುಂದಿನ ಸ್ಟೂಲು ಅವರದು. ನಾನು ಅವರ ಹೆಗಲ ಹಿಂದೆ ನಿಂತು ನೋಡುತ್ತೇನೆ.