ಕರ್ದೆಯ ಮಂಜಿನಲ್ಲಿ ಉಸಿರು ಕೇಳಿದ್ದು

ತಾಮ್ಹಿಣಿ ಘಾಟಿನಲ್ಲಿ ಕಾರಿನ ಬ್ರೇಕ್ ಕೈಕೊಡಬಹುದಿತ್ತು. ಮಾಣಗಾವ್ ದಾಟುವಷ್ಟರಲ್ಲಿ ವೈನಿಗೆ ವಾಂತಿ ಶುರುವಾಗಬಹುದಿತ್ತು. ಉಳಿದುಕೊಳ್ಳುವ ಮನೆಯ ಬಚ್ಚಲಲ್ಲಿ ಹಾವು, ದೋಣಿಯಲ್ಲಿ ತೂತು ಇರಬಹುದಿತ್ತು. ಪುಣೆಯ ಧನಕವಡಿಯಲ್ಲಿರುವ ನಮ್ಮ ಮನೆಯ ಗ್ಯಾಸ್ ತೆರೆದೇ ಉಳಿದಿರಬಹುದಿತ್ತು. ಅದನ್ನು ನೋಡಲೆಂದೇ ನಾನು ಚಾಂದನಿ ಚೌಕದಿಂದ ಕಾರು ತಿರುಗಿಸಿದೆ. ಗ್ಯಾಸ್ ಬಂದ್ ಆಗಿತ್ತು. ವಿಮಾ ಕಂಪನಿಯಲ್ಲಿ ಕೂತು ವರ್ಷಗಟ್ಟಲೆ ಅಪಘಾತದ ವರದಿ ಓದಿದವನಿಗೆ ಎಲ್ಲವೂ ಆಗಲಿರುವ ಅಪಘಾತದಂತೆಯೇ ಕಾಣುತ್ತದೆ. ಈ ಸಲ ಹೊರಟಿದ್ದು ಮಾತ್ರ ಒಂದು ನಿಜವಾದ ಚಿಂತೆಯ ಕಾರಣಕ್ಕೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ ಸುಮಿತ್ರಾ. ಬಿಬವೇವಾಡಿಯಲ್ಲಿ ಧಾರವಾಡ-ಬೆಳಗಾವಿ ಕಡೆಯ ಹೆಂಗಸರ ಭಜನಾ ಮಂಡಳಿ ನಡೆಸುತ್ತಾರೆ. ವೈನಿ ಹೂಂ ಅಂದರೆ ಮಂಡಳಿಯೂ ಹೂಂ. ಮಂಡಳಿಯವರೆಲ್ಲ ಕೊಲ್ಲಿ ದೇಶವೊಂದಕ್ಕೆ ಪ್ರವಾಸ ಹೊರಟಿದ್ದರು. ಅದರಲ್ಲಿ ಒಂದು ಸಂಜೆ ಡಾಲ್ಫಿನ್ ಆಟ. ಏಜೆಂಟ್ ಕಳಿಸಿದ ವಿಡಿಯೋದಲ್ಲಿ ಒಬ್ಬಾಕೆ ಸೀಟಿ ಊದುತ್ತಿದ್ದಂತೆ ಎರಡು ಡಾಲ್ಫಿನ್ ನೀಲಿ ಕೊಳದ ಅಂಚಿಗೆ ಓಡಿ ಬಂದು ತಲೆ ಎತ್ತುತ್ತಿದ್ದವು.

ಅದನ್ನು ನೋಡಿದ ಮೇಲೆ ನಾನು ಓದಬಾರದ್ದನ್ನೆಲ್ಲ ಓದಿದೆ. ಕೆಲವು ಸಮುದ್ರಗಳಲ್ಲಿ ದೋಣಿಗಳು ಸಾಲುಗಟ್ಟಿ, ನೀರಿಗಿಳಿಸಿದ ಕಬ್ಬಿಣದ ಕೊಳವೆಗಳನ್ನು ಬಡಿಯುತ್ತವೆ. ಆ ಸದ್ದಿಗೆ ದಿಕ್ಕೆಟ್ಟ ಹಿಂಡು ದಂಡೆಯ ಮೂಲೆಗೆ ಸಿಕ್ಕಿಬೀಳುತ್ತದೆ. ಆಟಕ್ಕೆ ಬೇಕಾದ ಎಳೆಯವನ್ನು ಆರಿಸಿ ಮಾರುತ್ತಾರೆ, ಉಳಿದವನ್ನು ಕೊಲ್ಲುತ್ತಾರೆ. ನಮ್ಮ ದೇಶದಲ್ಲಿ ಡಾಲ್ಫಿನ್ ಕೊಳಗಳಿಗೆ ಅನುಮತಿಯಿಲ್ಲ; ಹಾಗಾಗಿ ನಾವು ವಿಮಾನ ಹತ್ತಿ ಹೋಗಿ ನೋಡಿ ಬರುತ್ತೇವೆ. ಈ ಆಟದವು ಎಲ್ಲಿಂದ ಬಂದವು ಎಂದು ಏಜೆಂಟನನ್ನು ಕೇಳಿದೆ. "ಕಂಪನಿಯವು ಸರ್" ಎಂದ.

ವೈನಿಗೆ ಹೇಳಿದಾಗ ಅವರು ನಕ್ಕರು. "ನೀ ಗ್ಯಾಸ್ ಸಿಲಿಂಡರಿಗೆ ಹೆದರಾಂವ. ಈಗ ಮೀನಿನ ಚಿಂತಿನೂ ಹಚ್ಕೊಂಡ್ಯಾ?"

"ಮೀನಲ್ರಿ ವೈನಿ. ನಮ್ಹಂಗ ಉಸುರಾಡ್ತಾವ. ಉಸುರಿಗೆ ಮ್ಯಾಲೆ ಬರ್ತಾವ."

"ಆತಪಾ ಶ್ರೀಧರಾ. ಹಂಗಾರ ನಂಗ ಸಮುದ್ರದಾಗ ಕಣ್ಣಾರೆ ತೋರ್ಸು. ಕಂಡ್ರ ಆ ಆಟ ಬ್ಯಾಡ. ಕಾಣ್ಲಿಲ್ಲಂದ್ರ ಮತ್ತ ಈ ಸುದ್ದಿ ತಗೀಬಾರದು ನೋಡು."

ಹೀಗೆ ವೈನಿ, ನಾನು, ನನ್ನ ಹೆಂಡತಿ ಶೈಲಾ ಜನವರಿಯ ಒಂದು ಬೆಳಿಗ್ಗೆ ದಾಪೋಲಿ ಬಳಿಯ ಕರ್ದೆಗೆ ಹೊರಟೆವು. ಪುಣೆಯಿಂದ ಸುಮಾರು ಇನ್ನೂರು ಕಿಲೋಮೀಟರ್. ಮುಳಶಿ ಕೆರೆಯ ಉದ್ದಕ್ಕೂ ಮಂಜು ಹೇಗೆ ಕೂತಿತ್ತೆಂದರೆ ಕೆರೆ ಇದೆ ಎನ್ನುವುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ಘಾಟಿನಲ್ಲಿ ಚಹಾದ ಗೂಡಂಗಡಿಯೊಂದರ ಮುಂದೆ ನಿಲ್ಲಿಸಿದೆವು. ಒಲೆ ಉರಿಯುತ್ತಿತ್ತು, ಚಹಾ ಕುದಿಯುತ್ತಿತ್ತು, ಯಾರೂ ಇರಲಿಲ್ಲ. ಕೂಗಿದೆವು. ನಮ್ಮ ಕೂಗೇ ಕಣಿವೆಯಿಂದ ತಡವಾಗಿ ವಾಪಸು ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಕಾರಿನೊಳಗೇ ಬಿಚ್ಚಿ, ಚಹಾ ಇಲ್ಲದೆ ಮುಂದೆ ಹೋದೆವು.

ಕರ್ದೆಯಲ್ಲಿ ಉಳಿದುಕೊಂಡ ಮನೆಯ ಕಾಂಪೌಂಡ್ ಗೋಡೆಯ ಮೇಲೆ ದೊಡ್ಡ ಡಾಲ್ಫಿನ್ ಬರೆಸಿದ್ದರು. ಉಪ್ಪುಗಾಳಿಗೆ ಬಣ್ಣ ಕಿತ್ತು ಕಣ್ಣು ಹೋಗಿತ್ತು, ನಗು ಮಾತ್ರ ಉಳಿದಿತ್ತು. ಅಕ್ಕಿಭಾಕರಿ, ಕೋಕಮ್ ಹುಳಿಯ ಸೋಲಕಢಿ ಚೆನ್ನಾಗಿತ್ತು. ಆದರೆ ನಾನು ಕೂತ ಕಡೆಯಿಂದ ಆ ಗೋಡೆಯೇ ಕಾಣುತ್ತಿತ್ತು. ಡಾಲ್ಫಿನ್‌ನ ಬಾಯಿಯ ಆಕಾರವೇ ಹಾಗಂತೆ, ಸತ್ತರೂ ನಗುತ್ತಲೇ ಇರುತ್ತದಂತೆ ಎಂದು ಶೈಲಾಗೆ ಹೇಳಿದೆ. "ಊಟದಾಗರೆ ಸುಮ್ನಿರ್ರಿ" ಎಂದಳು. ಆಮೇಲೆ ಅವಳೂ ಕುರ್ಚಿ ತಿರುಗಿಸಿಕೊಂಡಳು.

ಮರುದಿನ ಬೆಳಿಗ್ಗೆ ಸಿಕ್ಕ ದೋಣಿಯವನ ಹೆಸರು ಗಣಪತ. ಆ ದಂಡೆಯ ಪದ್ಧತಿ ಹೀಗೆ: ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸು. ಆದ್ದರಿಂದ ಒಂದು ದೋಣಿಗೆ ಕಂಡೊಡನೆ ಉಳಿದವಕ್ಕೆಲ್ಲ ಫೋನು. ಎಲ್ಲ ಕಡೆಯಿಂದ ಎಂಜಿನ್ ಹಾಕಿಕೊಂಡು ಬಂದು ಸುತ್ತುಗಟ್ಟುತ್ತಾರೆ, ಅವು ಹಾರಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ. ಆದರೂ ಕೇಳುತ್ತಿದ್ದಂತೆ ನನಗೆ ಕಬ್ಬಿಣದ ಕೊಳವೆಗಳು ನೆನಪಾದವು. ಕಂಡರೂ ಕಾಣದಿದ್ದರೂ ಪೂರ್ತಿ ಬಾಡಿಗೆ ಕೊಡುತ್ತೇನೆ; ಅಟ್ಟಬೇಡ, ಯಾರಿಗೂ ಫೋನು ಮಾಡಬೇಡ, ಒಂದು ಕಡೆ ಎಂಜಿನ್ ಬಂದ್ ಮಾಡಿ ನಿಲ್ಲು ಎಂದೆ.

"ಮಗ ಆಲಾ ಕಶಾಲಾ, ಸಾಹೇಬ?" ಎಂದು ಗಣಪತ ಮರಾಠಿಯಲ್ಲಿ ಕೇಳಿದ. ಹಾಗಾದರೆ ಬಂದಿದ್ದು ಯಾಕೆ?

"ನಾನೂ ಅದ ಕೇಳಾಕತ್ತೀನಿ" ಎಂದರು ವೈನಿ. "ಕರಾರು ನೆನಪದ ಇಲ್ಲೋ?"

ನೆನಪಿತ್ತು. ನಾನು ಗೆಲ್ಲಬೇಕಾದರೆ ಡಾಲ್ಫಿನ್ ಕಾಣಬೇಕು. ಖಾತ್ರಿಯಾಗಿ ಕಾಣಬೇಕಾದರೆ ಅಟ್ಟಬೇಕು. ಅಟ್ಟಿದ ಮೇಲೆ ಗೆದ್ದು ಏನು ಮಾಡುವುದು? ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು, ಅದರ ದಾರಕ್ಕೆ ಕಟ್ಟಿದ್ದ ಸೀಟಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಕೂತೆ. ವೈನಿಯ ಮಡಿಲಲ್ಲಿ ಒಂದು ಚೀಲವಿತ್ತು. ಮೊದಲ ಸಲ ಸಮುದ್ರದ ಮೇಲೆ ಹೋಗುತ್ತಿದ್ದರಿಂದ ಗಂಗವ್ವನ ಉಡಿ ತುಂಬಲು ಅಕ್ಕಿ, ಅರಿಷಿಣ, ತೆಂಗಿನಕಾಯಿ ತಂದಿದ್ದರು.

ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೆ ಮಂಜು ಮುಚ್ಚಿಕೊಂಡಿತು. ಮೊದಲು ದಂಡೆ ಹೋಯಿತು, ಆಮೇಲೆ ನೀರು, ಆಮೇಲೆ ದೋಣಿಯ ಮೂತಿ. ಗಣಪತ ಎಂಜಿನ್ ನಿಲ್ಲಿಸಿದ. ಅಲೆಯ ಸದ್ದೂ ಇರಲಿಲ್ಲ. ಬಿಳಿ ಕೋಣೆಯೊಂದರಲ್ಲಿ ನಾಲ್ವರನ್ನು ಕೂರಿಸಿ ಬಾಗಿಲು ಹಾಕಿದಂತಿತ್ತು.

ಆಗ ನನ್ನ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು.

ತಿರುಗಿ ನೋಡಿದೆ. ಬಿಳುಪು. ಎಡಕ್ಕೆ ಇನ್ನೊಂದು ಉಸಿರು. ಫುಸ್ ಎಂದು ಬಿಟ್ಟು, ಕ್ಷಣ ತಡೆದು, ಒಳಗೆಳೆದುಕೊಂಡಂತೆ. ಆಮೇಲೆ ವೈನಿಯ ಕಡೆಯಿಂದ ಎರಡು, ಒಂದು ದೊಡ್ಡದು, ಅದರ ಹಿಂದೆಯೇ ಸಣ್ಣದು. ಹಸಿ ಮೀನಿನ ವಾಸನೆ ಬಂತು. ಅವು ನಮ್ಮನ್ನು ಸುತ್ತುತ್ತಿದ್ದವು. ನೋಡಲು ಬಂದವರು ನಾವು. ಆದರೆ ನೋಡುತ್ತಿದ್ದವು ಅವು ಎಂದು ನನ್ನ ಕುತ್ತಿಗೆಯ ಕೂದಲಿಗೆ ಗೊತ್ತಾಗಿತ್ತು.

"ತಾಯಿ ಮಗು ಇದ್ಹಂಗ ಅದಾವು" ಎಂದು ವೈನಿ ಪಿಸುಗುಟ್ಟಿದರು. "ಮಂಜು ಸರೀಲಿ. ಇಲ್ಲೇ ಅದಾವು. ಈಗ ಕಾಣ್ತಾವ."

ಗಾಳಿ ಸ್ವಲ್ಪ ಎದ್ದಿತು. ಮಂಜು ತೆಳುವಾಗತೊಡಗಿತು. ಅದೇ ಹೊತ್ತಿಗೆ ಎಲ್ಲಿಂದಲೋ ಇನ್ನೊಂದು ಎಂಜಿನ್ನಿನ ಸದ್ದು, ಜೊತೆಗೆ ಸ್ಪೀಕರಿನ ಹಾಡು, ನೇರ ನಮ್ಮತ್ತ. ಅವರಿಗೆ ನಾವು ಕಾಣುವುದಿಲ್ಲ, ಗುದ್ದುತ್ತಾರೆ ಎಂದು ನನ್ನೊಳಗಿನ ವಿಮಾ ಕಂಪನಿ ಕಿರುಚಿತು. ಜಾಕೀಟಿನ ಸೀಟಿ ಎಳೆದು ಶಕ್ತಿಯಿದ್ದಷ್ಟೂ ಊದಿದೆ.

ಆ ದೋಣಿ ಪಕ್ಕಕ್ಕೆ ಸರಿದು ಹೋಯಿತು. ಒಂದು ದೊಡ್ಡ ಸಪ್ಪಳವಾಗಿ ನಮ್ಮ ದೋಣಿಯ ಅಡಿಯ ನೀರು ಮೇಲೆದ್ದು ಕೂತಿತು. ಆಮೇಲೆ ಉಸಿರು ಕೇಳಲಿಲ್ಲ. ಮಂಜು ಸರಿದಾಗ ಸುತ್ತಲೂ ಬೂದುಬಣ್ಣದ ಖಾಲಿ ಸಮುದ್ರ.

"ಏನ್ ಮಾಡಿದ್ಯೋ ನೀ!" ವೈನಿ ಹಣೆ ಬಡಿದುಕೊಂಡರು. "ಇನ್ನೊಂದು ಸ್ವಲ್ಪಕ್ಕ ಕಾಣ್ತಿದ್ವಲ್ಲೋ!"

ಶೈಲಾ ನನ್ನನ್ನು ನೋಡಲೇ ಇಲ್ಲ. ಗೆಲ್ಲಬಹುದಾಗಿದ್ದ ಕರಾರನ್ನು ನಾನೇ ಊದಿ ಹಾಕಿದ್ದೆ. ತುಂಬ ಹೊತ್ತಿನ ಮೇಲೆ ವೈನಿ, ಯಾರಿಗೂ ಅಲ್ಲ ಎಂಬಂತೆ, ಹೇಳಿದರು: "ಆ ವಿಡಿಯೋದಾಗ ಸೀಟಿ ಊದಿದ್ರ ಓಡಿ ಬರ್ತಾವ. ಇವು ಹೋದ್ವು."

ಅವರು ಚೀಲ ಬಿಚ್ಚಿ ಅರಿಷಿಣ, ಅಕ್ಕಿ ನೀರಿಗೆ ಬಿಟ್ಟು ಕಾಯಿ ತೇಲಿಸಿದರು. "ತವರಿಗೆ ಬಂದ ಮಗಳಿಗೆ ಉಡಿ ತುಂಬಿ ಕಳಸ್ತೀವಿ" ಎಂದರು. "ಕದಾ ಹಾಕಿ ಇಟ್ಕೊಳ್ಳಂಗಿಲ್ಲ." ಗಣಪತನಿಗೆ ಕನ್ನಡ ತಿಳಿಯದಿದ್ದರೂ ಕಾಯಿ ದೂರ ಹೋಗುವವರೆಗೆ ಎಂಜಿನ್ ಹಚ್ಚಲಿಲ್ಲ.

ಪುಣೆಗೆ ಬಂದ ಮರುದಿನ ವೈನಿ ಮಂಡಳಿಯವರನ್ನು ಕರೆದುಕೊಂಡು ಏಜೆಂಟನ ಆಫೀಸಿಗೆ ಹೋದರು. ಕಾರಿಗೆ ಚಾಲಕ ನಾನು. ಆಟದ ಟಿಕೆಟ್ಟು ಪ್ಯಾಕೇಜಿನಲ್ಲೇ ಸೇರಿದೆ, ನೋಡದಿದ್ದರೂ ದುಡ್ಡು ಬರುವುದಿಲ್ಲ ಎಂದ ಏಜೆಂಟ್. "ದುಡ್ಡು ಯಾರ್ ಕೇಳ್ಯಾರ? ನಮ್ಮ ಹೆಸರಲೆ ಆ ಟಿಕೀಟು ತಗೀಬ್ಯಾಡ" ಎಂದರು ವೈನಿ. "ಕಂಪನಿಗೆ ಬರದು ಕಳ್ಸು, ಈ ಮಂಡಳಿಯವರಿಗೆ ಡಾಲ್ಫಿನ್ ಆಟ ಬ್ಯಾಡಂತ. ಮುಂದಿನವರನ್ನೂ ಮೊದಲ ಕೇಳು, ಬೇಕೋ ಬ್ಯಾಡೋ ಅಂತ."

ಹಿಂದಿನ ಕುರ್ಚಿಯಲ್ಲಿದ್ದ ಮಂಡಳಿಯ ಕಮಲಕ್ಕ ಸುಮ್ಮನಿರಲಿಲ್ಲ. "ನೀವು ನೋಡಿ ಬಂದೀರಿ ಸುಮಿತ್ರಾಬಾಯಿ, ಅದಕ್ಕ ಹಂಗಂತೀರಿ. ನಾವು ನೋಡೋದು ಬ್ಯಾಡೇನ್ರಿ?"

"ನಾ ಎಲ್ಲಿ ನೋಡೀನ್ರಿ?" ಎಂದರು ವೈನಿ. "ಉಸುರು ಕೇಳೀನಿ, ಅಷ್ಟ."

ಕಮಲಕ್ಕನೇ ಪ್ರವಾಸದ ಪಟ್ಟಿಯನ್ನು ಏಜೆಂಟನ ಮುಂದೆ ಸರಿಸಿದರು. ಏಜೆಂಟ್ ಆ ಸಂಜೆಯ ಸಾಲಿನ ಮೇಲೆ ಗೆರೆ ಎಳೆದ.

ಅಂತೂ ಬ್ರೇಕ್ ಹಿಡಿಯಿತು, ಹಾವು ಬರಲಿಲ್ಲ, ದೋಣಿ ಮುಳುಗಲಿಲ್ಲ. ತಪ್ಪಿದ್ದು ಒಂದೇ. ಊದುವಾಗ ದಾರ ಕಿತ್ತುಬಂದ ಸೀಟಿ ನನ್ನ ಜೇಬಿನಲ್ಲೇ ಧನಕವಡಿಗೆ ಬಂದುಬಿಟ್ಟಿದೆ. ಕರ್ದೆಯಲ್ಲಿ ಯಾರೋ ಸೀಟಿಯಿಲ್ಲದ ಜಾಕೀಟು ಹಾಕಿಕೊಂಡು ಕೂತಿದ್ದಾರೆ ಎಂಬ ಚಿಂತೆಗೆ ಅದನ್ನು ನಾಳೆ ಕೊರಿಯರ್ ಮಾಡುತ್ತೇನೆ. ಕಳಿಸುವ ಮೊದಲು ಸರಿಯಾಗಿ ಊದುತ್ತದೆಯೋ ಎಂದು ಪರೀಕ್ಷಿಸಬೇಕು. ಎರಡು ಸಲ ಬಾಯಿಯವರೆಗೆ ತಂದು ಇಳಿಸಿದ್ದೇನೆ. ಊದಿದರೆ, ಸಮುದ್ರದಿಂದ ಇಷ್ಟು ದೂರದ ಈ ಮೂರನೇ ಮಹಡಿಯಲ್ಲಿ, ನನ್ನ ಬೆನ್ನ ಹಿಂದೆ ಏನು ಬಂದು ಉಸಿರು ಬಿಟ್ಟೀತೋ.