ಗಡಿ ದಾಟಿದ ಅಡಿಟಿಪ್ಪಣಿಗಳು

ಪೆಟ್ಟು ತಿಂದವಳು ಒಬ್ಬಳೇ. ಪತ್ರಿಕೆ ನಡೆಸಿದವರು, ಅನುವಾದಿಸಿದವರು, ಮುಂಬಯಿಯಲ್ಲಿ ನುಣುಪು ಕಾಗದದ ಮೇಲೆ ಅಚ್ಚು ಹಾಕಿಸಿದವರು ಎಲ್ಲರೂ ತಮ್ಮ ತಮ್ಮ ಕುರ್ಚಿಗಳಲ್ಲಿ ಕುಳಿತೇ ನಿವೃತ್ತರಾದರು. ನೌಕರಿ, ಬಾಡಿಗೆಯ ಖೋಲಿ, ಕುಡಿಯುವ ನೀರು ಮೂರನ್ನೂ ಕಳೆದುಕೊಂಡವಳು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದ ನನ್ನ ಗೆಳತಿ. ಆ ಹಳ್ಳಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಒಮ್ಮೆ ಬರೆದವರು ಮಾಡಿದ ಹಾನಿಯೇ ಈ ಬರಹದ ವಿಷಯ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜ್ಯಕ್ಕೆ ಹೊಸ ಹೆಸರು ಬಂದು ಹೆಚ್ಚು ಕಾಲವಾಗಿರಲಿಲ್ಲ. ನಾನು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ. ಸಿಂದಗಿಯ ಕಾಲೇಜು ಅಧ್ಯಾಪಕರೊಬ್ಬರು ಒಂದು ಸಾಂಸ್ಕೃತಿಕ ತ್ರೈಮಾಸಿಕ ನಡೆಸುತ್ತಿದ್ದರು. ಅದು ಇಂಡಿಯ ಒಂದು ಟ್ರೆಡಲ್ ಯಂತ್ರದ ಮೇಲೆ ಅಚ್ಚಾಗುತ್ತಿತ್ತು. ಅದಕ್ಕೆ ಬರೆಯುವವರೂ ಓದುವವರೂ ಕೆಲವು ಭಾನುವಾರಗಳಂದು ಬಾಗೇವಾಡಿಯ ನಮ್ಮ ಶಾಲೆಯ ಕೋಣೆಯೊಂದರಲ್ಲಿ ಸೇರುತ್ತಿದ್ದೆವು.

ಸಣ್ಣ ಪತ್ರಿಕೆಗಳ ನಡುವೆ ಆಗ ಒಂದು ವಾಡಿಕೆಯಿತ್ತು. ನಮ್ಮ ಸಂಚಿಕೆ ಸೊಲ್ಲಾಪುರದ ಮರಾಠಿ ಪತ್ರಿಕೆಗೆ ಹೋಗುತ್ತಿತ್ತು, ಅವರದು ನಮಗೆ ಬರುತ್ತಿತ್ತು. ಒಬ್ಬರ ಲೇಖನವನ್ನು ಇನ್ನೊಬ್ಬರು ಅನುಮತಿ ಕೇಳದೆ ಅನುವಾದಿಸಿ ಹಾಕಿಕೊಳ್ಳಬಹುದಾಗಿತ್ತು. ಅನುಮತಿ ಕೇಳುವುದೆಂದರೆ ಪರಕೀಯರಂತೆ ನಡೆದುಕೊಳ್ಳುವುದು ಎಂದು ನಮ್ಮ ಸಂಪಾದಕರು ಹೇಳುತ್ತಿದ್ದರು. ಸೊಲ್ಲಾಪುರದಿಂದ ಮುಂಬಯಿಯ ಒಂದು ಇಂಗ್ಲಿಷ್ ಪತ್ರಿಕೆಗೆ, ಅಲ್ಲಿಂದ ಸಮುದ್ರದಾಚೆಯ ಪತ್ರಿಕೆಗಳಿಗೆ ದಾರಿಯಿತ್ತು. ಅಂಥ ನುಣುಪು ಕಾಗದ ಆ ಮುಂಬಯಿಯವರಿಗೆ ಎಲ್ಲಿಂದ ಬರುತ್ತದೆ, ಯಾರ ಔದಾರ್ಯದಿಂದ, ಯಾವ ಆಸೆಯಿಂದ ಎಂದು ನಾನು ಒಮ್ಮೆ ಸಂಪಾದಕರನ್ನು ಕೇಳಿದೆ. “ನಿಮಗ ಎಲ್ಲಾದರಾಗೂ ಸೌಂಶಯ ನೋಡ್ರಿ” ಎಂದು ನಕ್ಕುಬಿಟ್ಟರು. ಉತ್ತರ ಇಂದಿಗೂ ಬಂದಿಲ್ಲ.

ಸಂಶಯಕ್ಕೆ ಕಾರಣಗಳು ಕೋಣೆಯೊಳಗೇ ಇದ್ದವು. ಸಭೆಯಲ್ಲಿ ಹೆಂಗಸರು ನಾನೂ ಆ ಗೆಳತಿಯೂ ಇಬ್ಬರೇ. ಆದ್ದರಿಂದ ಚಹಾ ನಮ್ಮ ಪಾಲಿಗೆ ಬಂದಿತ್ತು. ಸಮಾನತೆಯ ಚರ್ಚೆ ಬಿಸಿಯೇರುವಾಗ ನಾವು ಒಲೆಯ ಮುಂದೆ ಇರುತ್ತಿದ್ದೆವು. ಗೆಳತಿ ಇಂಡಿ ತಾಲೂಕಿನ ಬೌದ್ಧ ಕುಟುಂಬದವಳು. ಅವಳ ತಂದೆಯ ಕಾಲದಲ್ಲಿ ಅವರ ಕೇರಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಅವಳು ಚಹಾ ಮಾಡಿದ ಭಾನುವಾರಗಳಂದು ಸದಸ್ಯರಲ್ಲಿ ಇಬ್ಬರಿಗೆ ಹೊಟ್ಟೆ ಕೆಟ್ಟಿರುತ್ತಿತ್ತು. ನಾನು ಮಾಡಿದಾಗ ಅವರ ಆರೋಗ್ಯ ಉತ್ತಮವಾಗಿರುತ್ತಿತ್ತು.

“ಅಕ್ಕಾ, ಇವರಿಗಿ ಹೇಳಾಕ ಬೇಕು” ಎಂದು ನಾನು ಒಮ್ಮೆ ಪಾತ್ರೆ ತೊಳೆಯುವಾಗ ಅಂದೆ. ಅವಳು ನನಗಿಂತ ಹಿರಿಯಳು.

“ಬಿಡ ತಂಗಿ, ಅವರ ಪಾಲಿಂದೂ ನಾವಽ ಕುಡದ್ರಾತು” ಎಂದಳು. ಕುಡಿದೆವು ಕೂಡ.

ಅವಳು ಬರೆದ ಲೇಖನ ನೀರಿನದು. ಅವಳ ಶಾಲೆಯ ಪಡಸಾಲೆಯಲ್ಲಿ ಕುಡಿಯುವ ನೀರಿನ ಒಂದು ದೊಡ್ಡ ಮಣ್ಣಿನ ಹರವಿ ಇತ್ತು. ಅವಳ ಕೇರಿಯಂಥ ಕೇರಿಯಿಂದ ಬಂದ ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಬೇರೆ ಯಾರಾದರೂ ಚರಿಗೆಯಿಂದ ಎತ್ತಿ ಹೊಯ್ಯುವವರೆಗೆ ಬೊಗಸೆಯೊಡ್ಡಿ ನಿಲ್ಲಬೇಕಿತ್ತು. ಮಕ್ಕಳಿಗೆ ಮಗ್ಗಿ ಕಲಿಸಿದ ಶಿಕ್ಷಕಿಯೂ ಹಾಗೆಯೇ ನಿಲ್ಲಬೇಕಿತ್ತು. ಅವಳು ಅಳದೆ, ಬೈಯದೆ, ಹೊಯ್ಯುವ ಕೈ ಎಷ್ಟು ಎತ್ತರದಲ್ಲಿರುತ್ತದೆ, ನೀರು ಮೊಣಕೈವರೆಗೆ ಹೇಗೆ ಇಳಿಯುತ್ತದೆ, ಸೀರೆಯ ನಿರಿಗೆ ಹೇಗೆ ತೊಯ್ಯುತ್ತದೆ ಎಂಬುದನ್ನಷ್ಟೇ ಬರೆದಿದ್ದಳು.

ಹಸ್ತಪ್ರತಿಯನ್ನು ಸಂಪಾದಕರಿಗೆ ಕೊಡುವಾಗ ನಾನು ಪಕ್ಕದಲ್ಲಿದ್ದೆ.

“ಹೆಸರ ಬ್ಯಾಡ್ರಿ ಸರ್, ಊರೂ ಬ್ಯಾಡ. ನಾ ಅದಽ ಊರಾಗ ಬಾಳ್ವೆ ಮಾಡ್ಬೇಕು.”

“ನಮ್ಮ ಮ್ಯಾಲ ಅಷ್ಟೂ ಭರೋಸಾ ಇಲ್ಲೇನ್ರಿ ಬಾಯಾರ?”

“ಭರೋಸಾ ಐತಿ ಅಂತಽ ಕೈಯಾಗ ಕೊಡಾಕತ್ತೇನಿ. ಇಲ್ಲಂದ್ರ ಟಪಾಲಿಗಿ ಹಾಕ್ತಿದ್ದೆ, ಮೊದಲ ಓದೂ ಪುಣ್ಯ ಪೋಸ್ಟಮಾಸ್ತರಗ ಸಿಗ್ತಿತ್ತು.”

ಎಲ್ಲರೂ ನಕ್ಕರು. ಸಂಪಾದಕರು ಮಾತು ಕೊಟ್ಟರು. ಲೇಖನ ಕನ್ನಡದಲ್ಲಿ ಹೆಸರಿಲ್ಲದೆ ಅಚ್ಚಾಯಿತು, ಏನೂ ಆಗಲಿಲ್ಲ. ಲೇಖನದಲ್ಲಿದ್ದ ದರ್ಗಾದ ಮಗ್ಗುಲಿನ ಶಾಲೆ, ಸೋಮವಾರಕ್ಕೊಮ್ಮೆ ಮಾನವರೆಲ್ಲ ಒಂದೇ ಎಂದು ಭಾಷಣ ಮಾಡುವ ಹೆಡ್ ಮಾಸ್ತರು, ಪಡಸಾಲೆಯ ಹರವಿ: ನಮ್ಮ ನಾಲ್ಕೂ ತಾಲೂಕುಗಳ ಓದುಗರಿಗೆ ಇಷ್ಟು ಸಾಕಾಗಿತ್ತು. ಸಿಂದಗಿ ಕಡೆಯವರೊಬ್ಬರು ಇದು ನಮ್ಮೂರಿನದೇ ಎಂದರು. ಇಂಡಿ ಕಡೆಯವರೊಬ್ಬರು ಅಲ್ಲ, ನಮ್ಮೂರಿನದು ಎಂದು ವಾದಿಸಿದರು. ಅನ್ಯಾಯ ಅಷ್ಟು ಸಾಮಾನ್ಯವಾಗಿದ್ದುದರಿಂದ ಅವಳು ಅದರ ಮರೆಯಲ್ಲಿ ಕ್ಷೇಮವಾಗಿದ್ದಳು. ನಾಚಿಕೆಗೇಡಿನ ಕ್ಷೇಮ, ಆದರೂ ಕ್ಷೇಮ.

ಮುಂದಿನ ಬೇಸಿಗೆಗೆ ಅದು ಮುಗಿಯಿತು. ಆ ಹಳ್ಳಿಯ ಅಡತಿ ವ್ಯಾಪಾರಿಯೊಬ್ಬರ ಮಗ ಸೊಲ್ಲಾಪುರದಲ್ಲಿ ಓದುತ್ತಿದ್ದ. ರಜೆಗೆ ಬರುವಾಗ ಅವಳ ಲೇಖನದ ಅನುವಾದವಿದ್ದ ಮರಾಠಿ ಪತ್ರಿಕೆಯನ್ನು ತಂದ. ಅದರಲ್ಲಿ ಊರಿನ ಹೆಸರೂ ಇತ್ತು. ಮರುದಿನ ಹೆಡ್ ಮಾಸ್ತರು ಎಲ್ಲ ಶಿಕ್ಷಕರ ಮುಂದೆ ಅವಳಿಗೆ ಕೈಮುಗಿದರು.

“ಬಾಯಾರ, ಮರಾಠ್ಯಾಗ ಭಾಳ ಛಲೋ ಬರದೀರಂತಲ್ಲ! ನಮ್ಮ ಸಾಲಿ ಹೆಸರ ಸೊಲ್ಲಾಪುರ ಮಟಾ ಮುಟ್ಟಿಸಿದ್ರಿ. ಇನ್ನ ನಮ್ಮ ನೀರ ನಿಮಗ ಯಾಕ ಬೇಕು, ಭೀಮಾ ಹೊಳಿ ನೀರಽ ಕುಡೀರಿ.”

ಅಂದಿನಿಂದ ಅವಳ ಬೊಗಸೆಗೆ ಯಾರೂ ನೀರು ಹೊಯ್ಯಲಿಲ್ಲ. ಬಾವಿಯ ಬಳಿ ಕನಿಕರದಿಂದ ಕೊಡ ತುಂಬಿಸುತ್ತಿದ್ದ ಮುದುಕಿಯನ್ನು ಮನೆಯವರು ತಡೆದರು. ಖೋಲಿಯ ಮಾಲೀಕರು ಮಗಳ ಬಾಣಂತನದ ನೆಪ ಹೇಳಿ ಬಿಡಿಸಿದರು. ಆಮೇಲೆ ವರ್ಗಾವಣೆಯ ಆದೇಶ ಬಂತು: ಇಂಡಿ ತಾಲೂಕಿನ ತುದಿ, ಭೀಮೆಯ ದಂಡೆ. ಹೆಡ್ ಮಾಸ್ತರರ ಅಣಕವನ್ನು ಇಲಾಖೆ ಇಷ್ಟು ನಿಷ್ಠೆಯಿಂದ ನೆರವೇರಿಸಿದ್ದು ಆಕಸ್ಮಿಕವೆಂದು ನಾನು ಒಪ್ಪುವುದಿಲ್ಲ.

ಹೆಸರಿಲ್ಲದ ಲೇಖನಕ್ಕೆ ಊರು ಎಲ್ಲಿಂದ ಬಂತು? ಬಾಗೇವಾಡಿಯ ಸಭೆಯಲ್ಲಿ ಇದೇ ಪ್ರಶ್ನೆ. ಟಪಾಲು ಕಚೇರಿಯವರು ಒಡೆದು ನೋಡಿರಬೇಕು ಎಂದರು ಒಬ್ಬರು. ಮುದ್ರಣಾಲಯದಲ್ಲಿ ಮರಾಠಿ ಬಲ್ಲವರಿದ್ದಾರೆ ಎಂದರು ಇನ್ನೊಬ್ಬರು. ಸಂಪಾದಕರು ಮೆಲ್ಲಗೆ ಹೇಳಿದರು:

“ಬಾಯಾರ ತಾವಽ ಯಾರ ಮುಂದರ ಹೇಳ್ಕೊಂಡಿರಬೇಕು. ಮೊದಲನೇ ಲೇಖನ. ಹಿಗ್ಗಿರ್ತೈತಿ.”

ಹೊಟ್ಟೆ ಕೆಡುವ ಇಬ್ಬರು ತಲೆದೂಗಿದರು. ಗೆಳತಿ ಬಾಗಿಲ ಬಳಿ ಕುಳಿತಿದ್ದಳು. ಎದ್ದು ಹೊರಗೆ ಹೋದಳು.

ಅನುವಾದಕರನ್ನೇ ಕೇಳೋಣವೆಂದು ನಾನು ಅವಳನ್ನು ಸೊಲ್ಲಾಪುರಕ್ಕೆ ಹೊರಡಿಸಿದೆ. ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿದೆವು. ಲಚ್ಯಾಣ ದಾಟಿ ಭೀಮೆಯ ಸೇತುವೆ ಬಂದಾಗ ಅವಳು, “ಅವರ ಬಾಯಿಂದಽ ಕೇಳಬೇಕು. ನೀ ನಡುವ ಬಾಯಿ ಹಾಕಬ್ಯಾಡ” ಎಂದಳು.

ಅನುವಾದಕರು ಸಜ್ಜನರು, ಮನೆಮಾತು ಕನ್ನಡ, ಬರಹವೆಲ್ಲ ಮರಾಠಿ. ಮೂಲ ಲೇಖಕಿಯೇ ಬಂದಿದ್ದಾರೆಂದು ತಿಳಿದು ಹಿಗ್ಗಿದರು. ಹೆಂಡತಿಯನ್ನು ಕರೆದರು, ಚುರುಮುರಿಯ ಸುಶಲಾ ಮಾಡಿಸಿದರು. ಅವಳು ಒಂದೇ ಮಾತು ಕೇಳಿದಳು: “ನನ್ನ ಊರ ನಿಮಗ ಯಾರ ಹೇಳಿದ್ರಿ?”

“ನಿಮ್ಮ ಸಂಪಾದಕರಽ! ನಾನಽ ಕೇಳಿದ್ದೆ. ನಮ್ಮ ಓದುಗರಿಗಿ ನಿಮ್ಮ ಕಡಿ ಗೊತ್ತಿಲ್ಲ ನೋಡ್ರಿ. ಎಂಥಾ ದರ್ಗಾ, ಎಲ್ಲಿ ಸಾಲಿ, ಹರವಿ ಅಂದ್ರೇನು, ಎಲ್ಲಾ ಬಿಡಿಸಿ ಹೇಳಬೇಕಲ್ಲ. ಅವರು ತಡಾ ಮಾಡದ ತಿಳಿಸಿದ್ರು. ಅಡಿಟಿಪ್ಪಣಿ ಕೊಟ್ಟೆ. ಎಲ್ಲಾರೂ ಭಾಳ ಮೆಚ್ಚಿದ್ರು.”

ಅಲ್ಲಿಗೆ ತಿಳಿಯಿತು. ಗಡಿಯಾಚೆಯ ಪತ್ರಿಕೆಯೊಂದು ತಮ್ಮನ್ನು ವಿಚಾರಿಸಿತೆಂಬ ಹೆಮ್ಮೆಯಲ್ಲಿ ನಮ್ಮ ಸಂಪಾದಕರು ಕೊಟ್ಟ ಮಾತನ್ನು ಮರೆತರು, ಅಥವಾ ನೆನಪಿದ್ದೂ ಹೇಳಿದರು. ಸಭೆಯಲ್ಲಿ ಅವಳ ಮೇಲೆ ಬೆರಳು ತೋರಿಸುವಾಗ ಅವರಿಗೆ ಎಲ್ಲವೂ ಗೊತ್ತಿತ್ತು. ಓದುಗ ದೂರವಾದಷ್ಟೂ ವಿವರಣೆ ಹೆಚ್ಚು ಬೇಕಾಗುತ್ತದೆ. ವಿವರಣೆ ಹೆಚ್ಚಿದಷ್ಟೂ ಬರೆದವಳ ಮೈಮೇಲಿನ ಮರೆ ಸರಿಯುತ್ತದೆ. ಈ ಸರಳ ಲೆಕ್ಕ ಆ ಪತ್ರಿಕೆಗಳ ಒಬ್ಬ ವಿದ್ವಾಂಸನಿಗೂ ಹೊಳೆಯಲಿಲ್ಲ.

“ಓದೂ ಮಂದಿಗಿ ತಿಳೀಲಿ ಅಂತ ಊರ ಹಾಕಿದ್ರಿ” ಎಂದಳು ಅವಳು. “ನಾ ಉಳೀಲಿ ಅಂತ ಏನ ಹಾಕಿದ್ರಿ?”

ಮುಂಬಯಿಯ ಇಂಗ್ಲಿಷ್ ಅನುವಾದ ಆಗಲೇ ಅಚ್ಚಿಗೆ ಹೋಗಿದೆ, ಲೇಖಕಿ ಆ ಶಾಲೆಯ ಒಬ್ಬಳೇ ಶಿಕ್ಷಕಿ, ಇಂಥ ಸಮುದಾಯದವಳು ಎಂಬ ಟಿಪ್ಪಣಿ ಹೊಸದಾಗಿ ಸೇರಿದೆ ಎಂದು ಅವರು ತಡವರಿಸುತ್ತ ಹೇಳಿದರು. ತಡೆಯಲು ಯತ್ನಿಸುತ್ತೇನೆ ಎಂದರು. ಯತ್ನಿಸಿದರೋ ಇಲ್ಲವೋ ನನಗೆ ತಿಳಿಯದು. ಅದು ಬಂತು, ಅಲ್ಲಿಂದ ಹೊರದೇಶದ ಪತ್ರಿಕೆಯೊಂದಕ್ಕೂ ಹೋಯಿತು.

ಅಷ್ಟರಲ್ಲಿ ತುರ್ತು ಪರಿಸ್ಥಿತಿ ಜಾರಿಯಾಗಿತ್ತು. ಸಾದಾ ಬಟ್ಟೆಯ ಇಬ್ಬರು ಭೀಮಾ ದಂಡೆಯ ಶಾಲೆಗೆ ಬಂದು, “ಫಾರಿನ್ ಬುಕ್ಕಿನ್ಯಾಗ ದೇಶದ ಮರ್ಯಾದಿ ಕಳದೀರಿ, ಬರಸಿದವರು ಯಾರು?” ಎಂದು ಕೇಳಿದರು. ಆ ಪುಸ್ತಕವನ್ನು ಅವಳು ಕಣ್ಣಿನಿಂದ ಕಂಡೂ ಇರಲಿಲ್ಲ. ಅವಳದು ತಾತ್ಕಾಲಿಕ ನೇಮಕಾತಿ, ಅದನ್ನು ಮುಂದುವರಿಸಲಿಲ್ಲ. ಕಾರಣ ಕೊಡಲಿಲ್ಲ. ಅವಳು ಸೊಲ್ಲಾಪುರಕ್ಕೇ ಹೋಗಿ ಚಾದರದ ಕಾರಖಾನೆಯೊಂದರಲ್ಲಿ ಮಡಿಕೆ ಹಾಕುವ ಕೆಲಸಕ್ಕೆ ಸೇರಿದಳು. ಮತ್ತೆಂದೂ ಪಾಠ ಹೇಳಲಿಲ್ಲ, ಬರೆಯಲೂ ಇಲ್ಲ.

ಸಂಪಾದಕರನ್ನು ನಾನು ಅವರ ಮನೆಯಲ್ಲೇ ಕೇಳಿದೆ. “ಇಷ್ಟ ದೊಡ್ಡ ವಿನಿಮಯ ನಡೀವಾಗ ಒಂದೀಟು ಹೆಚ್ಚುಕಡಿಮಿ ಆಗೂದಽ” ಎಂದರು. ಆ ಹೆಚ್ಚು ಯಾರ ಪಾಲಿಗೆ, ಕಡಿಮೆ ಯಾರ ಪಾಲಿಗೆ ಎಂದು ಕೇಳಿದಾಗ ಪತ್ರಿಕೆಯೊಂದನ್ನು ತೆರೆದು ಓದತೊಡಗಿದರು.

ಈಗ ಆ ತ್ರೈಮಾಸಿಕದ ಆಯ್ದ ಬರಹಗಳ ಸಂಕಲನ ಅದೇ ಸಂಪಾದಕರ ಮುನ್ನುಡಿಯೊಡನೆ ಸಿದ್ಧವಾಗುತ್ತಿದೆಯೆಂದು ಕೇಳಿದ್ದೇನೆ. ‘ಗಡಿಗಳನ್ನು ಗೆದ್ದ’ ಬರಹವೆಂದು ಅವಳ ಲೇಖನ ಮೊದಲಿಗೇ ಬರುವುದಂತೆ, ಊರಿನ ಟಿಪ್ಪಣಿಯ ಸಮೇತ. ಅವಳ ಮಕ್ಕಳಿಗಾಗಲಿ ಅವಳಿಗಾಗಲಿ ಯಾರೂ ಒಂದು ಮಾತು ತಿಳಿಸಿಲ್ಲ.

ಆದ್ದರಿಂದ ಸಂಪಾದಕರೇ, ನಿಮ್ಮನ್ನೂ ಸಂಕಲನದ ಪ್ರಕಾಶಕರನ್ನೂ ಉದ್ದೇಶಿಸಿ ಕೇಳುತ್ತಿದ್ದೇನೆ. ಊರನ್ನೂ ಸಮುದಾಯವನ್ನೂ ಹೇಳುವ ಟಿಪ್ಪಣಿಗಳನ್ನು ಕಿತ್ತುಹಾಕಿರಿ. ಊರನ್ನು ತಿಳಿಸಿದವರು ನೀವೇ ಎಂದೂ ಬಾಗೇವಾಡಿಯ ಸಭೆಯಲ್ಲಿ ಅವಳ ಮೇಲೆ ಹೊರಿಸಿದ ಮಾತು ಸುಳ್ಳೆಂದೂ ಮುನ್ನುಡಿಯಲ್ಲಿ ನಿಮ್ಮ ಸಹಿಯೊಡನೆ ಬರೆಯಿರಿ. ಅಚ್ಚಿಗೆ ಕಳಿಸುವ ಮುಂಚೆ ಸೊಲ್ಲಾಪುರಕ್ಕೆ ನೀವೇ ಹೋಗಿ ಅವಳ ಅನುಮತಿ ಕೇಳಿರಿ. ಅವಳು ಬೇಡವೆಂದರೆ ಆ ಪುಟಗಳನ್ನು ಖಾಲಿ ಬಿಡಿರಿ. ಬೇರೆ ಯಾರ ಬರಹವನ್ನೂ ಅಲ್ಲಿ ತುಂಬಬೇಡಿರಿ.